ಜರ್ಮನಿಯವನ ಗಡಿಯಾರ

ಬಿಳಿಜೋಳ ಕೀಳುತ್ತಿದ್ದವರೇ ಸಾಲು ಬಿಟ್ಟು ಬಂದು ಕಲ್ಮೇಶನ ಕುಣಿ ತೋಡುತ್ತಿದ್ದರು. ಮಾಘದ ಬಿಸಿಲಿಗೆ ಹೂಲಿ ಊರಿನ ಎರೆಮಣ್ಣು ಕಲ್ಲಾಗಿತ್ತು. ಗುದ್ದಲಿಯ ಸಪ್ಪಳ ಮನೆಯ ಅಂಗಳದವರೆಗೂ ಕೇಳುತ್ತಿತ್ತು. ಅಂಗಳದಲ್ಲಿ ಹೆಣಕ್ಕೆ ಜಳಕ ಮಾಡಿಸಿ, ಗೋಡೆಗೆ ಆನಿಸಿ ಕೂಡಿಸಿ, ವಿಭೂತಿ ಬಳಿದಿದ್ದರು. ಸವದತ್ತಿಗೆ ಇಂಟರ್‌ನೆಟ್ ಬಂದ ಹೊಸತರಲ್ಲೇ ಅಲ್ಲಿ ಕಂಪ್ಯೂಟರ್ ಅಂಗಡಿ ಹಾಕಿ, ಲಗ್ನಪತ್ರಿಕೆ ಅಚ್ಚು ಮಾಡಿಕೊಂಡಿದ್ದವನು ಕಲ್ಮೇಶ. ತನ್ನ ಲಗ್ನ ಮಾತ್ರ ಆಗಿರಲಿಲ್ಲ. ನಿನ್ನೆ ಅಂಗಡಿಯ ಕುರ್ಚಿಯಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟಿದ್ದ.

ಕಾಕಾ ನಿಜಗುಣಪ್ಪ ಒಳಗಿನಿಂದ ದಪ್ಪನೆಯ ಕರಿ ಗಡಿಯಾರವೊಂದನ್ನು ತಂದು ಹೆಣದ ಕೈಗೆ ಕಟ್ಟಿದ.

“ಮೂರ್ಹೊತ್ತೂ ಇದನ್ನ ಹಿಡ್ಕೊಂಡ ಕೂಡತಿದ್ದ. ತಾನ ಒಯ್ಯಲಿ.”

“ಬಾವಿಗಿ ಇಳಿಬಿಡ್ತಿದ್ನಲ್ಲ, ಅದ ಹೌದಲ್ಲ?” ಎಂದಳು ನೆರೆಮನೆಯ ರಾಚವ್ವ. “ಗಡ್ಯಾಳಕ್ಕ ನೀರಡಿಕಿ ಆಗೈತೇನೋ ಕಲ್ಮ್ಯಾ ಅಂತಿದ್ದೆ. ನಗತಿತ್ತು, ಪಾಪ.”

ಬಾಗಿಲಲ್ಲಿ ಕುಳಿತಿದ್ದ ಕಲ್ಮೇಶನ ಅಕ್ಕ ಬಾಯವ್ವ ತಲೆ ಎತ್ತಿದಳು.

*

ದೀಪಾವಳಿಯ ಸುಮಾರಿಗೆ ತಮ್ಮ ಸಂಜೆ ಸಂಜೆ ಬಾವಿಕಟ್ಟೆಯ ಮೇಲೆ ಕೂಡುವುದನ್ನು ಕಂಡು ಅವಳಿಗೆ ಬೇರೆಯೇ ದಿಗಿಲು ಹುಟ್ಟಿತ್ತು. ಒಂದು ದಿನ ಹಿಂದಿನಿಂದ ಹೋಗಿ ಅಂಗಿ ಹಿಡಿದು ಜಗ್ಗಿದಳು.

“ಬಿಡಕ್ಕಾ, ಹಗ್ಗ ಜಾರತೈತಿ!”

ಹಗ್ಗದ ತುದಿಗೆ ಬಲೆಚೀಲ, ಅದರೊಳಗೆ ಕಲ್ಲು, ಕಲ್ಲಿನ ಜತೆ ಈ ಗಡಿಯಾರ. ಸಮುದ್ರದಾಳಕ್ಕೆ ಮುಳುಗಿ ಈಜುವವರು ಕಟ್ಟಿಕೊಳ್ಳುವಂಥದಂತೆ. ಎಷ್ಟು ಆಳ ಹೋದರು, ಎಷ್ಟು ಹೊತ್ತಿದ್ದರು ಎಂಬುದೆಲ್ಲ ಅದರೊಳಗೇ ಉಳಿಯುತ್ತದಂತೆ. ಮನೆಗೆ ತಂದು, ಕಂಪ್ಯೂಟರಿಗೆ ವೈರು ಸಿಕ್ಕಿಸಿ ತೋರಿಸಿದ. ಪರದೆಯ ಮೇಲೆ ಗೆರೆಯೊಂದು ಇಳಿದು, ತುಸು ನಿಂತು, ಮತ್ತೆ ಏರಿತು. ಅದು ತಮ್ಮೂರ ಬಾವಿ.

“ಗಡ್ಯಾಳದಾಗಿನ ಈ ಲೆಕ್ಕಾ ಹೊರಗ ತಗಿಯೂ ಪ್ರೋಗ್ರಾಂ ಬರಿಯಾಕ ಹತ್ತೇವಕ್ಕಾ. ಯಾರ ಬೇಕಾದ್ರೂ ಪುಕ್ಕಟ ತಗೋಬಹುದು, ಬಿಚ್ಚಿ ನೋಡಿ ತಿದ್ದಬಹುದು.”

“ಹತ್ತೇವಿ ಅಂದ್ರ ಯಾರ್ಯಾರು?”

“ಜರ್ಮನಿಯಾಂವ ಒಬ್ಬ, ಬ್ರೆಜಿಲ್‌ನಾಕಿ ಒಬ್ಬಾಕಿ... ದೋಸ್ತರು.”

“ಅವ್ರ ಮಾರಿ ನೋಡಿಯೇನು?”

“ಇಲ್ಲ.”

“ಸಮುದ್ರ?”

ಅವನು ನಕ್ಕ. ವೈರು ಸುತ್ತುತ್ತ, “ಗಡ್ಯಾಳ ಜರ್ಮನಿಯಾಂವಂದು. ನನ್ನ ನಂಬಿ ಕಳಸ್ಯಾನ. ಕೆಲಸ ಮುಗದಿಂದ ತಿರುಗಿ ಮುಟ್ಟಸ್ತೇನಿ ಅಂದೇನಿ,” ಎಂದ.

*

ಬಾಯವ್ವ ಎದ್ದು ಹೋಗಿ ತಮ್ಮನ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. ಅವನ ಬೆರಳು ಸೆಟೆದಿದ್ದವು. ಗಡಿಯಾರದ ಪಟ್ಟಿಗೆ ವಿಭೂತಿ ಮೆತ್ತಿತ್ತು.

“ಏನ ಮಾಡ್ತಿಯವ್ವಾ?” ನಿಜಗುಣಪ್ಪ ಗದರಿದ.

“ಇದು ಅವಂದಲ್ಲ ಕಾಕಾ.”

“ಮತ್ಯಾರದು?”

“ಜರ್ಮನಿಯಾಂವಂದು.”

“ಮಣ್ಣಿಗಿ ಬಂದಾನೇನ ಅಂವ?” ಎಂದರು ಹಿಂದಿನಿಂದ ಯಾರೋ. ಸೆರಗಿನ ಮರೆಯಲ್ಲಿ ರಾಚವ್ವ, “ಹೆಣದ ಕೈಯಾಂದೂ ಬಿಡಲಿಲ್ಲ ನೋಡವಾ,” ಎಂದದ್ದು ಕೇಳಿಸಿತು.

ಬಾವಿಯ ಆ ಗೆರೆಯನ್ನು ಈ ಊರಲ್ಲಿ ನೋಡಿದವರು ಇಬ್ಬರೇ. ಒಬ್ಬ ಕಣ್ಣು ಮುಚ್ಚಿ ಎದುರಿಗೇ ಕುಳಿತಿದ್ದ. ಪಟ್ಟಿ ಬಿಚ್ಚಿ, ಗಡಿಯಾರವನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

ಮಣ್ಣು ಮಾಡಿ ಬಂದವರು ಅವಳನ್ನು ಮಾತಾಡಿಸದೆ ಹೊಲಕ್ಕೆ ಹೋದರು. ಗಡಿಯಾರ ಬಂದಿದ್ದ, ಕಳಿಸಿದವನ ಹೆಸರು-ವಿಳಾಸವಿದ್ದ ಡಬ್ಬಿಯನ್ನು ಬಾಯವ್ವ ಗೋಡೆಯ ಮಾಡದಿಂದ ಇಳಿಸಿದಳು. ವಿಭೂತಿ ಮೆತ್ತಿದ್ದನ್ನು ಹಾಗೆಯೇ ಕಳಿಸುವುದು ಹೇಗೆಂದು, ಗಡಿಯಾರವನ್ನು ತೊಳೆಯಲು ದನ ನೀರು ಕುಡಿಯುವ ದೋಣಿಯ ಬಳಿ ಕುಳಿತಳು. ನೀರು ತಾಗಿದ್ದೇ ತಡ, ಗಾಜಿನ ಹಿಂದೆ ಅಂಕಿಗಳು ಎದ್ದವು. ಆಳ ತೋರಿಸುವ ಜಾಗದಲ್ಲಿ ಸೊನ್ನೆ.

ಸುತ್ತ ಯಾರೂ ಇರಲಿಲ್ಲ. ಬಾಯವ್ವ ಬಳೆ ಮೇಲೇರಿಸಿ, ಗಡಿಯಾರ ಹಿಡಿದ ಕೈಯನ್ನು ಮೊಳಕೈ ಮುಳುಗುವವರೆಗೆ ನೀರಿನೊಳಗೆ ಇಳಿಸಿದಳು. ಸೊನ್ನೆ ಕದಲಿತು.