ನೀಲಿ ಬಲೂನಿಗೆ ಕ್ಷೌರ

ಫ್ಯಾನಿನ ಗಾಳಿಗೆ ಬಲೂನು ತಲೆ ಅಲ್ಲಾಡಿಸುತ್ತಿದೆ, ಬೇಡ ಬೇಡ ಎಂಬಂತೆ, ಹೆದರಬೇಡವೋ ನೀಲಿ ಮುಖದವನೇ, ಈ ಕೈ ಊರಿಗೆ ಊರನ್ನೇ ನುಣ್ಣಗೆ ಮಾಡಿದ ಕೈ, ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದ ಜಡ್ಜನಿಗೆ ಗೊತ್ತಾಗದಂತೆ ಶೇವ್ ಮಾಡಿದೆ, ಎದ್ದವನು ಗಡ್ಡ ಕಳವಾಗಿದೆ ಎಂದು ಪೊಲೀಸರಿಗೆ ದೂರು ಕೊಡಲು ಹೊರಟಿದ್ದ, ನೊಣಕ್ಕೂ ಮೀಸೆ ತಿದ್ದಬಲ್ಲೆ, ಸುಮ್ಮನೆ ಕೂರುವ ನೊಣ ಸಿಗಬೇಕಷ್ಟೆ — ಅಂಥವನ ಮುಂದೆ ನೊರೆ ಹಚ್ಚಿದ ಬಲೂನು ಹಿಡಿದು ನಿಂತಿದ್ದಾಳೆ ಹೆತ್ತ ಮಗಳು, ಅಪ್ಪಾ, ಕೆಲಸ ಕಲಿಯೋರು ಮೊದಲು ಬಲೂನಿಗೆ ಶೇವ್ ಮಾಡ್ಬೇಕು, ಒಡೀದೆ ಮಾಡಿದ್ರೆ ಮಾತ್ರ ಮನುಷ್ಯರ ಕೆನ್ನೆ, ಈ ಕಾನೂನು ಮಾಡಿದ್ದು ನೀನೇ ಅಲ್ವಾ, ನಾನೇ, ಹೌದು, ಅವಳು ಒಡೆದ ಬಲೂನುಗಳಲ್ಲಿ ಒಂದು ಸರ್ಕಸ್ ಡೇರೆ ಹೊಲಿಯಬಹುದಿತ್ತು, ಢಬ್ ಎಂದಾಗಲೆಲ್ಲ ಹೋಯ್ತು ಗಿರಾಕಿ ಪ್ರಾಣ ಎಂದು ನಗುತ್ತಿದ್ದೆ, ಈಗ ಅವಳು ನಗುತ್ತಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು, ಮೊನ್ನೆ ನನ್ನ ಕೈಯಿಂದ ಬಾಚಣಿಗೆ ಜಾರಿದ್ದನ್ನು ನೋಡಿಬಿಟ್ಟಳು, ಜಾರಿದ್ದು ನನಗೇ ಗೊತ್ತಾಗಲಿಲ್ಲ ಎಂಬುದನ್ನೂ ನೋಡಿಬಿಟ್ಟಳು. ಬಲೂನು ಒಡೆದರೆ ಕತ್ತಿ ಡ್ರಾಯರಿಗೆ, ನಾನು ಗಲ್ಲಾಪೆಟ್ಟಿಗೆಯ ಹಿಂದೆ ಗೊಂಬೆ.

ಕುರ್ಚಿಯಲ್ಲಿ ಟವಲು ಸುತ್ತಿಕೊಂಡು ಕೂತ ಪೋಸ್ಟ್‌ಮಾಸ್ಟರು, ಹಳೆಯ ದೋಸ್ತ, ನನ್ನ ಕೈ ಬಿಟ್ಟು ಬೇರೆ ಕೈಗೆ ಕುತ್ತಿಗೆ ಕೊಡದವನು, ಮೊದಲು ಬಲೂನಿಗೋ ನನಗೋ, ಅದಕ್ಕಿಂತ ನನ್ನ ತಲೇನೇ ನುಣ್ಣಗಿದೆ ಕಣಯ್ಯಾ ಎನ್ನುತ್ತಾನೆ, ಒಳಗೂ ಅದೇ ಗಾಳಿ ಕಣೋ ಎನ್ನುತ್ತೇನೆ — ಗಡ್ಡೆ ಇರುವುದು ಶ್ವಾಸಕೋಶದಲ್ಲಿ, ನಿಂಬೆಹಣ್ಣಿನಷ್ಟು ಎಂದರು ಡಾಕ್ಟರಮ್ಮ, ನಾನು ಎಲ್ಲರಿಗೂ ಕುಂಬಳಕಾಯಿ ಎಂದೇ ಹೇಳಿದ್ದೇನೆ, ನನ್ನ ಗಡ್ಡೆ ಎಂದರೆ ಸುಮ್ಮನೆಯೇ, ಆದರೆ ಜೋಮು ಹಿಡಿದಿರುವುದು ಬೆರಳಿಗೆ, ಗಡ್ಡೆ ಇಲ್ಲಿಗೆ ಬಂದೇ ಇಲ್ಲ, ಅದನ್ನ ಹೊಡೆಯೋಕೆ ಮೈ ಕಳಿಸಿದ ಸೈನ್ಯ ಗುರುತು ತಪ್ಪಿ ನಿಮ್ಮ ನರಗಳನ್ನೇ ಹೊಡೀತಿದೆ ಎಂದರು, ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅನ್ನಿ ಎಂದೆ, ಎಂದೂ ನಗದವರು ನಕ್ಕುಬಿಟ್ಟರು, ಬೆರಳು ಮೊದಲಿನ ಹಾಗೆ ಆಗುತ್ತಾ ಎಂದೆ, ನಗು ನಿಲ್ಲಿಸಿದರು. ಆಗದಿದ್ದರೆ ಬೇಡ, ಪ್ಯಾಂಟು ಸೊಂಟ ಬಿಟ್ಟು ಇಳಿಯುತ್ತಿದೆ, ಇಳಿಯಲಿ, ಕಾಫಿ ತುಕ್ಕು ಮೊಳೆ ನೆಕ್ಕಿದಂತಿದೆ, ಇರಲಿ, ಕಾಲಿನಲ್ಲಿ ಚಪ್ಪಲಿ ಇದೆಯೋ ಇಲ್ಲವೋ ನೋಡಿಯೇ ತಿಳಿಯಬೇಕು, ಒಂಟಿ ಚಪ್ಪಲಿಯಲ್ಲಿ ಮಾರ್ಕೆಟ್ಟು ಪೂರ್ತಿ ಮಹಾರಾಜನ ಹಾಗೆ ಸುತ್ತಿ ಬಂದೆ, ಎಲ್ಲ ತೆಗೆದುಕೊಂಡು ಹೋಗಲಿ, ಕತ್ತಿ ಕೊಡೆನು.

ಕತ್ತಿ ಹಿಡಿದಿದ್ದೇನೆ ಎಂದು ಕಣ್ಣು ಹೇಳುತ್ತಿದೆ, ಕೈ ಹೇಳುತ್ತಿಲ್ಲ, ದಪ್ಪ ಕೈಗವಸು ತೊಟ್ಟು ಬೇರೆ ಯಾರದೋ ಕೈಯನ್ನು ಆಡಿಸಿದಂತೆ, ಆಗಲಿ, ಕಿವಿ ಇದೆಯಲ್ಲ, ಅಲಗು ಸರಿಯಾಗಿ ಮಲಗಿದರೆ ಸರ್ ಎನ್ನುತ್ತದೆ, ಎದ್ದರೆ ಕಿರ್ ಎನ್ನುತ್ತದೆ, ಫ್ಯಾನು ಆರಿಸೇ, ಆರಿಸಿದಳು, ಬಲೂನು ತಲೆ ಅಲ್ಲಾಡಿಸುವುದು ಬಿಟ್ಟಿತು, ಸರ್, ನೊರೆ ಸರಿದು ನೀಲಿ, ಸರ್, ಇನ್ನೊಂದು ಪಟ್ಟೆ ನೀಲಿ, ಪೋಸ್ಟ್‌ಮಾಸ್ಟರು ಉಸಿರು ಬಿಡುತ್ತಿಲ್ಲ, ಬಿಡೋ, ಸತ್ತುಗಿತ್ತು ಹೋದೀಯ, ಎಡಗೈ ಹೆಬ್ಬೆರಳಲ್ಲಿ ಚರ್ಮ ಎಳೆದು ಹಿಡಿ, ಗಲ್ಲದ ಕೆಳಗೆ, ಗಂಟಿನ ಹತ್ತಿರ, ಇಲ್ಲೇ ಅವಳು ಸದಾ ಒಡೆಯುತ್ತಿದ್ದದ್ದು, ಸರ್ — ಮುಗಿಯಿತು, ಒಡೆದಿಲ್ಲ, ನೋಡೇ ಮುಖದ ಹೊಳಪು, ಗಾಳಿಗೇ ಕ್ಷೌರ ಮಾಡಿದ ಗಂಡಸು ನಾನು, ಚಪ್ಪಾಳೆಗೆ ಎತ್ತಿದ ಪೋಸ್ಟ್‌ಮಾಸ್ಟರನ ಕೈ ಹಾಗೇ ನಿಂತಿದೆ, ಯಾಕೋ, ತಟ್ಟೋ, ಅಪ್ಪಾ, ಹೆಬ್ಬೆರಳು, ಎನ್ನುತ್ತಾಳೆ ಮಗಳು ಮೆಲ್ಲಗೆ, ಯಾರ ಹೆಬ್ಬೆರಳೇ, ನೋವಿಲ್ಲ, ಉರಿಯಿಲ್ಲ, ಗೆದ್ದಿದ್ದೇನೆ, ಕುರ್ಚಿ ಈ ಕಡೆ ತಿರುಗಿಸು, ಬಲೂನು ಒಡೆದಿಲ್ಲ — ಗಂಟಿನ ಕೆಳಗೆ ಉಳಿದ ನೊರೆಯಲ್ಲಿ ಕೆಂಪು, ಬಲೂನು ನೀಲಿ, ನೊರೆ ಬಿಳಿ, ಒಡೆದಿಲ್ಲ, ಬಲೂನು ನೀಲಿ, ನೊರೆಯಲ್ಲಿ ಕೆಂಪು, ಹರಡುತ್ತಿರುವ ಕೆಂಪು, ಕೆಂಪು