ಹತ್ತು ಗಂಟೆಯ ಮೋಡ

ಹೊಸದುರ್ಗದಲ್ಲಿ ಬಸ್ಸು ಬದಲಿಸಿ ಮಾಡದಕೆರೆಯ ಹೊಲ ಮುಟ್ಟುವಷ್ಟರಲ್ಲಿ ನೇತ್ರಾವತಿಗೆ ಸಾಕುಸಾಕಾಗಿತ್ತು. ಚಿತ್ರದುರ್ಗದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ ಎಂದರೆ ಹೆಸರಿಗಷ್ಟೇ ಅತಿಥಿ; ಪರೀಕ್ಷೆಯ ಕತ್ತೆ ಚಾಕರಿಯೆಲ್ಲ ಅವಳ ತಲೆಗೇ. ನಲವತ್ತು ದಿನ ಊರ ಕಡೆ ತಲೆ ಹಾಕಲಾಗಿರಲಿಲ್ಲ. ಪಿಎಚ್‌ಡಿಗೆ ಎರಡು ಸಲ ಗಡುವು ಮುಂದೂಡಿದ್ದ ವಿಶ್ವವಿದ್ಯಾಲಯ, ಇನ್ನು ಎಂಟು ದಿನದಲ್ಲಿ ಫಲಿತಾಂಶ ಕೊಡದಿದ್ದರೆ ನೋಂದಣಿ ರದ್ದು ಎಂದು ಬರೆದಿತ್ತು. ಏಳು ವರ್ಷದ ದುಡಿಮೆ ಈಗ ಹೊಲದ ಮೂಲೆಯ ಒಂದು ಲ್ಯಾಪ್‌ಟಾಪಿನೊಳಗಿತ್ತು.

ಪಂಪ್‌ಶೆಡ್ಡಿನ ಪಕ್ಕದಲ್ಲಿ ನಿಂತಿದ್ದ ಅವಳ ಆಂಟೆನಾ ನೋಡಲು ಎಣ್ಣೆ ಹಾಕುವ ಆಲಿಕೆಯಂಥದು. ತಗಡಿನದು, ಆಳೆತ್ತರ, ಬಾಯಿ ಆಕಾಶಕ್ಕೆ. ನಮ್ಮ ಆಕಾಶಗಂಗೆಯ ಸುತ್ತ ಹೈಡ್ರೋಜನ್ ಅನಿಲದ ಮೋಡಗಳು ಸೆಕೆಂಡಿಗೆ ನೂರಾರು ಕಿಲೋಮೀಟರ್ ಓಡುತ್ತವೆ. ಕಣ್ಣಿಗೆ ಕಾಣವು, ರೇಡಿಯೋಗೆ ಸಿಗುತ್ತವೆ, ಹಾಡುಹಗಲೂ ಸಿಗುತ್ತವೆ. ಅಂಥದೊಂದು ಮೋಡ ದಿನಕ್ಕೊಮ್ಮೆ ಆಂಟೆನಾದ ನೇರಕ್ಕೆ ಬಂದಾಗ ಒಂದು ತಾಸು ದಾಖಲಿಸಬೇಕು. ಅದರ ಸಂಕೇತ ಎಷ್ಟು ಕ್ಷೀಣವೆಂದರೆ, ನಲವತ್ತು ದಿನದ್ದು ಕೂಡಿಸಿದರೇನೇ ನಕ್ಷೆಯ ಗೆರೆಯಲ್ಲೊಂದು ಉಬ್ಬು ಕಂಡೀತು.

ಶೆಡ್ಡಿನ ಕರೆಂಟನ್ನು ನಂಬುವಂತಿಲ್ಲ, ಬ್ಯಾಟರಿ ಎರಡೇ ತಾಸು. ಹಾಗಾಗಿ ಹೊತ್ತಿಗೆ ಸರಿಯಾಗಿ ಗುಂಡಿ ಒತ್ತುವ ಕೆಲಸ ಅಪ್ಪ ಚಿತ್ತಪ್ಪನ ಪಾಲಿಗೆ ಬಂದಿತ್ತು. ನೇತ್ರಾವತಿ ಚೀಟಿ ಬರೆದುಕೊಟ್ಟಿದ್ದಳು: ಮೊದಲ ದಿನ ಬೆಳಿಗ್ಗೆ ಹತ್ತು ಗಂಟೆ, ಆಮೇಲೆ ದಿನಾ ನಾಲ್ಕು ನಿಮಿಷ ಮುಂಚೆ. ಚಿತ್ತಪ್ಪ ಕುರಿಗಳನ್ನು ತಮ್ಮ ಮಂಜಣ್ಣನಿಗೆ ಒಪ್ಪಿಸಿ, ಒಂದು ದಿನವೂ ತಪ್ಪದೆ ಬಂದು ಕೂತಿದ್ದ. ಪಾಪ, ಮುಖ ಸುಟ್ಟು ಕರ್ರಗಾಗಿತ್ತು.

“ಬಂದ್ಯೇನವ್ವಾ? ಕುಂತ್ಕ, ಮಜ್ಜಿಗೆ ಐತೆ,” ಎಂದ. “ಒಂದಿನಾನೂ ತಪ್ಪಿಸಿಲ್ಲ ನೋಡು. ನಿಮ್ಮವ್ವ ಬೈದ್ರೂ ಜಗ್ಗಿಲ್ಲ.”

ಮಜ್ಜಿಗೆ ಪಕ್ಕಕ್ಕಿಟ್ಟು ಅವಳು ಲ್ಯಾಪ್‌ಟಾಪ್ ತೆರೆದಳು. ನಲವತ್ತು ಕಡತ. ಎಲ್ಲವನ್ನೂ ಕೂಡಿಸಿ ಗೆರೆ ಎಳೆಸಿದಳು. ಉಬ್ಬೇ ಇಲ್ಲ, ಗೆರೆ ಮಟ್ಟಸವಾಗಿ ಮಲಗಿತ್ತು. ಕಡತಗಳ ವೇಳೆ ನೋಡಿದಳು. ಹತ್ತು ಗಂಟೆ, ಹತ್ತು ಗಂಟೆ, ಕೊನೆಯದೂ ಹತ್ತು ಗಂಟೆ.

“ಅಪ್ಪಾ! ದಿನಾ ಹತ್ತಕ್ಕೇ ಒತ್ತಿದ್ಯಾ? ಚೀಟಿ ನೋಡ್ಲಿಲ್ವಾ?”

“ನೋಡ್ದೆ ಕಣವ್ವ.” ಅವನ ದನಿಯಲ್ಲಿ ಹೆಮ್ಮೆಯಿತ್ತು. “ಬಿಸ್ಲು ಏರ್ದಂಗೆ ನಾವು ಕುರೀನ ಬೇಗ ಹೊಡ್ಕಂಡು ಹೋಗ್ತೀವಲ್ಲ, ಹಂಗೇ ಅಪ್ಪ ಬಿಸ್ಲಾಗೆ ಬೇಯದು ಬ್ಯಾಡ, ಬೇಗ ಮುಗಿಸ್ಲಿ ಅಂತ ಬರ್ದೀಯ ಅಂದ್ಕಂಡೆ. ನಂಗ್ಯಾಕವ್ವ ರಿಯಾಯ್ತಿ? ಕೆಲ್ಸ ಅಂದ್ರೆ ಕೆಲ್ಸ. ಹತ್ತು ಅಂದ್ರೆ ಹತ್ತೇ.”

ಅಯ್ಯೋ ದೇವರೇ. ಕಿರುಚಬೇಕೆನಿಸಿತು, ಕಿರುಚಲೂ ಕಸುವಿರಲಿಲ್ಲ. ಎಂಟು ದಿನದಲ್ಲಿ ನಲವತ್ತು ದಿನ ಎಲ್ಲಿಂದ ತರುವುದು? ಅಲ್ಲಿಗೆ ಪಿಎಚ್‌ಡಿ ಕಥೆ ಮುಗಿಯಿತು. ಅಪ್ಪನ ಮೇಲೆ ಸಿಟ್ಟು ಬಂತು, ಸಿಟ್ಟು ಬಂದದ್ದಕ್ಕೆ ತನ್ನ ಮೇಲೇ ಅಸಹ್ಯವೂ ಬಂತು.

“ಅದು ಬಿಸ್ಲಿಗಲ್ಲಪ್ಪಾ,” ಎಂದಳು ನಿಧಾನಕ್ಕೆ. “ಆ ಮೋಡ ಚಿಕ್ಕೆಗಳ ಸಂಗಡ ಐತೆ. ದಿನಾ ನಾಕು ನಿಮಿಷ ಮುಂಚೆ ಬರ್ತದೆ. ಮೊದಲ ಹತ್ತು ದಿನ ಬಿಟ್ರೆ ಮಿಕ್ಕಿದ್ದೆಲ್ಲ ಖಾಲಿ ಆಕಾಶ. ಇನ್ನು ಟೈಮಿಲ್ಲ, ಎಲ್ಲಾ ಹೋತು.”

ಚಿತ್ತಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ, ಮತ್ತೆ ಒರೆಸಿಕೊಂಡ.

“ಚಿಕ್ಕೆ ಸಂಗಡ ಐತಾ?” ಎಂದ ಕೊನೆಗೆ. “ಐವತ್ತು ವರ್ಷ ಮಂದೆ ಕಾದೋನು ನಾನು. ಇವತ್ತು ಮೂಡಿದ ಹೊತ್ತಿಗೆ ನಾಳೆ ನೋಡಿದ್ರೆ ಚಿಕ್ಕೆ ಒಂದು ಬೆರಳಷ್ಟು ಮ್ಯಾಲೆ ಇರ್ತದೆ. ಇದು ಕುರಿ ಕಾಯೋನಿಗೆ ಗೊತ್ತಿಲ್ವೇನವ್ವ? ಒಂದು ಮಾತು ಹೇಳಿದ್ರೆ ಸಾಕಿತ್ತು, ಚೀಟೀನೇ ಬೇಕಿರ್ಲಿಲ್ಲ.”

ಅವಳು ತಲೆ ತಗ್ಗಿಸಿದಳು.

“ನಂಗೆ ತಿಳಿಯಲ್ಲ ಅಂದ್ಕಂಡ್ಯಾ?”

ಇಲ್ಲ ಎನ್ನಲು ಬಾಯಿ ತೆರೆದಳು. ಸುಳ್ಳು ಹೇಳುವ ತ್ರಾಣವೂ ಉಳಿದಿರಲಿಲ್ಲ.

“ಹೂಂ ಅಪ್ಪಾ,” ಎಂದಳು ನೇತ್ರಾವತಿ.