ಮೊಟ್ಟೆಯೆಂದುಕೊಂಡದ್ದು

ಕೆರೆಯ ಮೀನುಗಳ ಹೊಟ್ಟೆ ಸೀಳಿ ಒಳಗಿನ ಹುಳುಗಳನ್ನು ಎಣಿಸುವುದೇ ಅವಳ ಕೆಲಸ. ಪ್ರಯೋಗಾಲಯದ ತಾರಸಿಯಲ್ಲಿ ಮಳೆ ಅಳೆಯುವ ಕೊಳವೆ, ಒಳಗೆ ಕತ್ತರಿ, ಬಿಳಿ ತಟ್ಟೆ, ಸೂಕ್ಷ್ಮದರ್ಶಕ. ಪ್ರತಿ ಎಣಿಕೆಗೂ ನಲವತ್ತು ಮೀನು ಕೊಡುತ್ತಿದ್ದವನು ಅವಳಪ್ಪನೇ. ಮೂವತ್ತು ವರ್ಷದಿಂದ ಮೀನು ಮಾರಿದವನು.

ಬೇಸಿಗೆಯ ಎಣಿಕೆಯಲ್ಲಿ ಆರು ಮೀನುಗಳಿಗೆ ಹುಳುವಿತ್ತು. ಜಡಿಮಳೆ ಸುರಿದ ವಾರ ಎರಡಕ್ಕೆ ಮಾತ್ರ.

“ನಾನು ಹೇಳ್ಲಿಲ್ವಾ? ಹೊಸ ನೀರು ಬಂದ್ರೆ ಕೊಳೆಯೆಲ್ಲ ತೊಳ್ಕೊಂಡು ಹೋಗುತ್ತೆ!” ಎಂದು ಅಪ್ಪ ಬೀಗಿದ. ಅವಳೂ ಹಾಗೆಯೇ ಬರೆದಿಟ್ಟಳು.

ಮೂರು ತಿಂಗಳ ಮೇಲೆ ಒಂದು ಬೆಳಿಗ್ಗೆ ಅಪ್ಪ ಮುಂದಿನ ಎಣಿಕೆಯ ಬುಟ್ಟಿ ಹೊತ್ತು ನಗುತ್ತಾ ಬಂದ. ಮೀನುಗಳ ಹೊಟ್ಟೆ ಗುಡಾಣದಂತೆ ಉಬ್ಬಿತ್ತು.

“ಮೊಟ್ಟೆ ಮೀನು ಕಣೇ! ಈಗಷ್ಟೇ ಬಲೆಗೆ ಬಿದ್ದಿದ್ದು. ನಿನ್ನಕ್ಕ ಬಸುರಿ ಅಂತ ಅವಳಿಗೂ ಎರಡು ಕಳಿಸಿದೀನಿ.”

ಅವಳು ಕತ್ತರಿ ಹಾಕಿದಳು. ಮೊಟ್ಟೆ ಬರಲಿಲ್ಲ. ಬಿಳಿ ರಿಬ್ಬನ್ನಿನಂಥದೊಂದು ಜಾರಿ ಬಂತು, ಎಳೆದಷ್ಟೂ ಬಂತು. ತಟ್ಟೆಗೆ ಬಿದ್ದು ಮೆಲ್ಲಗೆ ಹೊರಳಿತು. ಮೀನಿಗಿಂತ ಹುಳುವೇ ಉದ್ದ!

ಅಪ್ಪನ ಮುಖ ಬಿಳಿಚಿಕೊಂಡಿತು. “ಇನ್ನೊಂದು ಕೊಯ್ಯಿ.”

ಅದರಲ್ಲೂ ಹುಳು. ಅಪ್ಪ ಕತ್ತರಿ ಕಿತ್ತುಕೊಂಡು ಉಳಿದವನ್ನು ತಾನೇ ಕೊಯ್ದ. ಕೊನೆಗೆ ಲೆಕ್ಕ ಸಿಕ್ಕಿತು: ನಲವತ್ತರಲ್ಲಿ ಮೂವತ್ತೊಂದು.

“ಎಲ್ಲಿತ್ತೇ ಈ ಪೀಡೆ?”

“ಮಳೆನೀರಲ್ಲೇ ಬಂತಪ್ಪ. ದಂಡೆ ಮೇಲಿದ್ದ ಹಕ್ಕಿಗಳ ಹಿಕ್ಕೆ ಕೆರೆಗೆ ಕೊಚ್ಕೊಂಡು ಬಂದಿದೆ, ಅದರಲ್ಲಿ ಹುಳದ ಮೊಟ್ಟೆ. ನೀರಿನ ಸಣ್ಣ ಜೀವಿಗಳ ಹೊಟ್ಟೆ ಸೇರಿ, ಅಲ್ಲಿಂದ ಮೀನಿಗೆ ಬಂತು. ಇಷ್ಟುದ್ದ ಬೆಳೆಯೋಕೆ ತಿಂಗಳುಗಳೇ ಬೇಕು. ನಾನೋ, ಮಳೆ ಬಂದ ವಾರವೇ ಎಣಿಸಿ ಬೆನ್ನು ತಟ್ಕೊಂಡೆ.”

“ನಿನ್ನಕ್ಕನಿಗೆ ಏನಾದ್ರೂ ಆದ್ರೆ?”

“ಇದು ಮನುಷ್ಯರಿಗೆ ಹತ್ತಲ್ಲ. ಆದ್ರೆ ಇದು ಹೊಕ್ಕ ಮೀನು ಮೊಟ್ಟೆನೇ ಇಡಲ್ಲ.”

ಅಪ್ಪ ಸ್ಟೂಲಿನ ಮೇಲೆ ಕುಸಿದ. “ಹಾಗಾದ್ರೆ ಮುಂದಿನ ವರ್ಷ ಕೆರೆಯಲ್ಲಿ ಮರಿ?”

ಅವಳು ಪುಸ್ತಕ ತೆರೆದು, ಮಳೆಯ ವಾರ ಬರೆದಿಟ್ಟಿದ್ದನ್ನು ಹೊಡೆದುಹಾಕಿದಳು.

ಅಂಗಡಿಗೆ ಮರಳಿದ ಅಪ್ಪ, ಕಾದಿದ್ದ ಗಿರಾಕಿಗಳ ಕಣ್ಣೆದುರೇ ಮಾರಲು ಇಟ್ಟಿದ್ದ ಒಂದು ಮೀನು ಕೊಯ್ದು ತೋರಿಸಿದ. ಒಬ್ಬಾಕೆ ಕಿಟಾರನೆ ಕಿರುಚಿದಳು. ಪಕ್ಕದಂಗಡಿಯವನು, “ಒಳಗೇ ಕ್ಲೀನ್ ಮಾಡಿ ಮಾರೋದಲ್ವೇನಯ್ಯಾ, ಹುಚ್ಚಪ್ಪ!” ಎಂದು ಗದರಿದ.

“ಮೂವತ್ತು ವರ್ಷ ನನ್ನ ಮಾತು ನಂಬಿ ತಿಂದಿದಾರೆ ಕಣೋ,” ಎಂದಷ್ಟೇ ಹೇಳಿ ಅಪ್ಪ ಉಳಿದ ಮೀನುಗಳನ್ನು ಹೂಳಲು ಹಾರೆ ಎತ್ತಿಕೊಂಡ.

ಮರುದಿನ ಕೆರೆಗೆ ಬಲೆ ಹಾಕುವವರನ್ನೆಲ್ಲ ಹುಳು ತೋರಿಸಲು ಪ್ರಯೋಗಾಲಯಕ್ಕೆ ಕರೆತಂದ. ತಟ್ಟೆಗಳ ಸಾಲು ಕಂಡದ್ದೇ, ಬಾಗಿಲ ತನಕ ಜೋರು ಜೋರಾಗಿ ಹರಟುತ್ತ ಬಂದವರೆಲ್ಲ ಒಬ್ಬೊಬ್ಬರಾಗಿ ಬಗ್ಗಿ ಹುಳುಗಳನ್ನು ಎಣಿಸತೊಡಗಿದರು.